ಎಣಿಕೆ ತಪ್ಪದಿರಲಿ, ತಪ್ಪಿದರೆ ಗೊತ್ತಾಗಲಿ

ಅಂಗಡಿಯ ಬಿಲ್ಲಿನ ಮೇಲೆ 01-01-2000 ಎಂಬ ದಿನಾಂಕ ಅಚ್ಚಾಗಿ ಬಂದಿದ್ದನ್ನು ನೀವು ನೋಡಿರಬಹುದು. ಸಿಸಿಟಿವಿ ದೃಶ್ಯದ ಮೂಲೆಯಲ್ಲಿ 1970ನೇ ಇಸವಿ ಜನವರಿ 1, ಬೆಳಗಿನ ಐದೂವರೆ ಎಂದು ತೋರಿಸುವ ಯಂತ್ರಗಳೂ ಇವೆ. ‘ಮಶೀನ್ ಕೆಟ್ಟಿದೆ ಸರ್’ ಎಂದು ಅಂಗಡಿಯವರು ಪೆನ್ನಿನಲ್ಲಿ ದಿನಾಂಕ ತಿದ್ದಿ ಕೊಡುತ್ತಾರೆ. ಅಸಲಿಗೆ ಮಶೀನ್ ಕೆಟ್ಟಿರುವುದಿಲ್ಲ. ಅದರೊಳಗಿನ ಎಣಿಕೆ ಎಲ್ಲೋ ನಿಂತುಹೋಗಿ, ಮತ್ತೆ ಸೊನ್ನೆಯಿಂದ ಶುರುವಾಗಿದೆ, ಅಷ್ಟೆ. ಆ ಸೊನ್ನೆಯನ್ನು ಯಾವ ದಿನವೆಂದು ಓದಬೇಕು ಎಂಬುದರಲ್ಲಿ ಒಂದೊಂದು ಯಂತ್ರಕ್ಕೆ ಒಂದೊಂದು ರೂಢಿ. ಹಲವು ಗಡಿಯಾರ ಚಿಪ್‌ಗಳಿಗೆ 2000ನೇ ಇಸವಿಯ ಮೊದಲ ದಿನವೇ ಆದಿ. ಯುನಿಕ್ಸ್ ಸಂಪ್ರದಾಯದ ಕಂಪ್ಯೂಟರುಗಳಿಗೆ 1970ರ ಜನವರಿ 1, ಅದೂ ಗ್ರೀನಿಚ್ ಲೆಕ್ಕದ ಮಧ್ಯರಾತ್ರಿ. ಆ ಹೊತ್ತಿಗೆ ನಮ್ಮಲ್ಲಿ ಬೆಳಗಿನ ಐದೂವರೆ. ಸಿಸಿಟಿವಿಯ ಐದೂವರೆ ಬಂದದ್ದು ಅಲ್ಲಿಂದ.

ಬಿಲ್ಲಿನ ಮಟ್ಟಿಗೆ ಇದು ನಕ್ಕು ಮರೆಯುವ ವಿಷಯ. ಆದರೆ ಇದೇ ಗಡಿಯಾರ ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಯಂತ್ರದಲ್ಲಿದೆ, ಕಚೇರಿ ಬಾಗಿಲಲ್ಲಿ ಬೆರಳಚ್ಚು ಪಡೆಯುವ ಹಾಜರಾತಿ ಯಂತ್ರದಲ್ಲಿದೆ, ಸಂಜೆಗೊಂದು ರಾತ್ರಿಗೊಂದು ದರ ಲೆಕ್ಕ ಹಾಕುವ ಕಾರ್ಖಾನೆಯ ವಿದ್ಯುತ್ ಮೀಟರಿನಲ್ಲಿದೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸುವ ಮತಯಂತ್ರದ ಕಂಟ್ರೋಲ್ ಯೂನಿಟ್ಟಿನಲ್ಲೂ ಇದೆ. ಒತ್ತಿದ ಒಂದೊಂದು ಗುಂಡಿಗೂ ದಿನಾಂಕ, ಸಮಯದ ಮುದ್ರೆ ಬೀಳುವುದು ಅದರಿಂದಲೇ. ಎಂಜಿನಿಯರುಗಳು ಇದನ್ನು ರಿಯಲ್ ಟೈಮ್ ಕ್ಲಾಕ್ ಎನ್ನುತ್ತಾರೆ, ಚಿಕ್ಕದಾಗಿ ಆರ್‌ಟಿಸಿ. ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಚಿಪ್ಪಿನೊಳಗೆ ಅಥವಾ ಅದರ ಪಕ್ಕದಲ್ಲಿ ಕೂತಿರುವ ಈ ಗಡಿಯಾರವನ್ನು ಸಾಕುವುದು ನೋಡಲು ಸುಲಭ, ಮಾಡಲು ಅಷ್ಟು ಸುಲಭವಲ್ಲ.

ಹರಳಿನ ಮಿಡಿತ

ಆರ್‌ಟಿಸಿಯ ಬುಡದಲ್ಲಿರುವುದು ಒಂದು ಕ್ವಾರ್ಟ್ಜ್ ಹರಳು. ಸಾಮಾನ್ಯವಾಗಿ ಎರಡು ಮಿಲಿಮೀಟರ್ ದಪ್ಪ, ಆರು ಮಿಲಿಮೀಟರ್ ಉದ್ದದ ಲೋಹದ ಕೊಳವೆಯೊಳಗೆ, ಶ್ರುತಿಕವೆಯ ಆಕಾರದಲ್ಲಿ ಕೊರೆದು ಕೂರಿಸಿರುತ್ತಾರೆ. ಕ್ವಾರ್ಟ್ಜನ್ನು ಒತ್ತಿದರೆ ಅದರ ಮೈಯಲ್ಲಿ ವಿದ್ಯುತ್ತು ಹುಟ್ಟುತ್ತದೆ, ವಿದ್ಯುತ್ತು ಕೊಟ್ಟರೆ ಅದು ಅದುರುತ್ತದೆ. ಈ ಗುಣದ ಮೊದಲ ಅರ್ಧವನ್ನು 1880ರಲ್ಲಿ ಪ್ಯಾರಿಸ್ಸಿನಲ್ಲಿ ಪಿಯರ್ ಕ್ಯೂರಿ ಮತ್ತು ಅಣ್ಣ ಜಾಕ್ ಕ್ಯೂರಿ ತೋರಿಸಿಕೊಟ್ಟರು. 1927ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾರನ್ ಮ್ಯಾರಿಸನ್ ಮತ್ತು ಹಾರ್ಟನ್ ಮೊದಲ ಕ್ವಾರ್ಟ್ಜ್ ಗಡಿಯಾರ ಕಟ್ಟಿದರು. ಅದು ಮಣಿಕಟ್ಟಿಗೆ ಇಳಿದದ್ದು 1969ರ ಡಿಸೆಂಬರ್ 25ರಂದು, ಟೋಕಿಯೋದಲ್ಲಿ ಸೈಕೋ ಕಂಪನಿ ಆಸ್ಟ್ರಾನ್ ಗಡಿಯಾರವನ್ನು ಮಾರಾಟಕ್ಕೆ ಇಟ್ಟಾಗ.

ಆಸ್ಟ್ರಾನಿನ ಹರಳು ಸೆಕೆಂಡಿಗೆ 8192 ಸಲ ಅದುರುತ್ತಿತ್ತು. ಇಂದಿನದು 32768 ಸಲ. ಎರಡೂ ಬೇಕಾಬಿಟ್ಟಿ ಸಂಖ್ಯೆಗಳಲ್ಲ. 32768ನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ. ಅರ್ಧ ಮಾಡುವ ಸರ್ಕ್ಯೂಟ್ ಎಲೆಕ್ಟ್ರಾನಿಕ್ಸ್‌ನಲ್ಲಿ ಅತ್ಯಂತ ಸರಳವಾದದ್ದು. ಅಂಥ ಹದಿನೈದನ್ನು ಸಾಲಾಗಿ ಜೋಡಿಸಿದರೆ ಕೊನೆಯಲ್ಲಿ ಸೆಕೆಂಡಿಗೊಂದು ಮಿಡಿತ ಹೊರಬರುತ್ತದೆ. ಇದಕ್ಕಿಂತ ಕಡಿಮೆ ವೇಗದ ಹರಳು ಗಾತ್ರದಲ್ಲಿ ದೊಡ್ಡದಾಗುತ್ತದೆ, ಅದರ ಸದ್ದು ಮನುಷ್ಯರ ಕಿವಿಗೆ ಬೀಳುವ ವ್ಯಾಪ್ತಿಗೂ ಬರುತ್ತದೆ. ಹೆಚ್ಚು ವೇಗದ್ದಾದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಎರಡರ ನಡುವೆ ಜಗತ್ತು ಒಪ್ಪಿಕೊಂಡ ಸಂಖ್ಯೆ ಇದು.

ಹಿಂದೆ ಮುಹೂರ್ತ ನೋಡಲು ಗಳಿಗೆ ಬಟ್ಟಲು ಬಳಸುತ್ತಿದ್ದರು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ ಇಪ್ಪತ್ತನಾಲ್ಕು ನಿಮಿಷಕ್ಕೆ ಮುಳುಗುತ್ತದೆ, ಅದು ಒಂದು ಗಳಿಗೆ. ಬಟ್ಟಲಿಗೆ ಗೊತ್ತಿರುವುದು ಮುಳುಗುವುದು ಮಾತ್ರ. ಎಷ್ಟು ಸಲ ಮುಳುಗಿತು ಎಂದು ಎಣಿಸಲು ಒಬ್ಬರು ಪಕ್ಕದಲ್ಲಿ ಕೂತಿರಬೇಕು, ಎಣಿಕೆ ಯಾವ ಸೂರ್ಯೋದಯದಿಂದ ಶುರುವಾಯಿತು ಎಂಬುದೂ ನೆನಪಿರಬೇಕು. ಆರ್‌ಟಿಸಿಯಲ್ಲೂ ಕೆಲಸ ಹೀಗೇ ಹಂಚಿಹೋಗಿದೆ. ಹರಳು ಮಿಡಿಯುತ್ತದೆ, ಕೌಂಟರ್ ಎಣಿಸುತ್ತದೆ, ಎಲ್ಲಿಂದ ಎಣಿಸಿದ್ದು ಎಂಬುದನ್ನು ಪ್ರೋಗ್ರಾಂ ನೆನಪಿಡುತ್ತದೆ. ಹರಳು ಕೈಕೊಡುವುದು ಅಪರೂಪ. ಎಡವಟ್ಟಾಗುವುದು ಹೆಚ್ಚಾಗಿ ಎಣಿಕೆಯಲ್ಲಿ ಮತ್ತು ನೆನಪಿನಲ್ಲಿ.

ಕ್ಯಾಲೆಂಡರೋ ಬರೀ ಎಣಿಕೆಯೋ

ಆರ್‌ಟಿಸಿಗಳಲ್ಲಿ ಎರಡು ಜಾತಿ. ಒಂದು ಕ್ಯಾಲೆಂಡರ್ ಇಟ್ಟುಕೊಳ್ಳುವುದು, ಇನ್ನೊಂದು ಬರೀ ಎಣಿಸುವುದು.

ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಧಾರಾಳವಾಗಿ ಕಾಣುವ ಡಿಎಸ್1307 ಎಂಬ ಚಿಪ್ ಮೊದಲ ಜಾತಿಯದು. ಸೆಕೆಂಡು, ನಿಮಿಷ, ಗಂಟೆ, ವಾರ, ದಿನ, ತಿಂಗಳು, ವರ್ಷ ಎಲ್ಲಕ್ಕೂ ಅದರಲ್ಲಿ ಬೇರೆ ಬೇರೆ ಮನೆಗಳಿವೆ. ಆದರೆ ಅಂಕಿಗಳನ್ನು ಅದು ದಶಮಾನದ ಜೋಡಿಗಳಾಗಿ ಬರೆದಿಡುತ್ತದೆ: ಹತ್ತರ ಸ್ಥಾನಕ್ಕೆ ನಾಲ್ಕು ಬಿಟ್, ಬಿಡಿ ಸ್ಥಾನಕ್ಕೆ ನಾಲ್ಕು ಬಿಟ್. ಇದನ್ನು ಗಮನಿಸದೆ ಸಾದಾ ಸಂಖ್ಯೆಯೆಂದು ಓದಿದರೆ ಸೆಕೆಂಡುಗಳು 9 ಆದ ಮೇಲೆ ಸೀದಾ 16ಕ್ಕೆ ಹಾರುತ್ತವೆ, 25 ಎಂಬುದು 37 ಆಗಿ ಕಾಣುತ್ತದೆ. ಹೊಸದಾಗಿ ಕಲಿಯುವವರು ಚಿಪ್ಪೇ ನಕಲಿ ಇರಬೇಕೆಂದು ಅಂಗಡಿಗೆ ವಾಪಸ್ ಒಯ್ಯುವುದುಂಟು. ಅದೇ ಚಿಪ್ಪಿನ ಸೆಕೆಂಡಿನ ಮನೆಯ ತುತ್ತತುದಿಯ ಬಿಟ್ ಗಡಿಯಾರವನ್ನು ನಿಲ್ಲಿಸುವ ಸ್ವಿಚ್ಚು. ಮೊದಲ ಸಲ ವಿದ್ಯುತ್ತು ಕೊಟ್ಟಾಗ ದಿನಾಂಕ 2000ದ ಜನವರಿ 1 ಆಗಿರುತ್ತದೆ, ಈ ಬಿಟ್ 1 ಆಗಿರುತ್ತದೆ, ಎಂದರೆ ಹರಳು ನಿಂತೇ ಇರುತ್ತದೆ. ಪ್ರೋಗ್ರಾಂ ಅದನ್ನು ಸೊನ್ನೆ ಮಾಡಿದ ಮೇಲೆಯೇ ಎಣಿಕೆ ಶುರು.

ಎರಡನೇ ಜಾತಿಗೆ ಒಳ್ಳೆಯ ಉದಾಹರಣೆ ಎಸ್‌ಟಿಎಂ32ಎಫ್103. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ‘ಬ್ಲೂ ಪಿಲ್’ ಎಂದು ಕೇಳಿದರೆ ಕೊಡುವ ನೀಲಿ ಬೋರ್ಡಿನ ಮೇಲಿರುವುದು ಇದೇ. ಇದರೊಳಗಿನ ಆರ್‌ಟಿಸಿಗೆ ತಿಂಗಳೂ ಗೊತ್ತಿಲ್ಲ, ವಾರವೂ ಗೊತ್ತಿಲ್ಲ. 32 ಬಿಟ್‌ಗಳ ಒಂದು ಕೌಂಟರ್ ಇದೆ, ಸೆಕೆಂಡಿಗೊಮ್ಮೆ ಒಂದು ಕೂಡುತ್ತದೆ. ಕೊರತೆಯೆಂದು ತೋರುವ ಇದು ನನ್ನ ಪ್ರಕಾರ ಅನುಕೂಲವೇ. ಜನವರಿ 31ರ ರಾತ್ರಿ 11:50ರಿಂದ ಫೆಬ್ರವರಿ 1ರ 12:10ರವರೆಗೆ ಎಷ್ಟು ಹೊತ್ತಾಯಿತು ಎಂದು ಕ್ಯಾಲೆಂಡರ್ ಲೆಕ್ಕದಲ್ಲಿ ಹೇಳಲು ನಿಮಿಷ, ಗಂಟೆ, ದಿನ, ತಿಂಗಳು ಎಲ್ಲವನ್ನೂ ದಾಟಿಸಬೇಕು. ಎಣಿಕೆಯಲ್ಲಾದರೆ ಒಂದು ಕಳೆಯುವ ಲೆಕ್ಕ, ಉತ್ತರ 1200 ಸೆಕೆಂಡು.

ಮನುಷ್ಯರಿಗೆ ತೋರಿಸುವಾಗ ಮಾತ್ರ ಎಣಿಕೆಯನ್ನು ದಿನಾಂಕವಾಗಿಸಿದರೆ ಸಾಕು. 1970ರ ಆದಿಯಿಂದ ಎಣಿಕೆ 170 ಕೋಟಿ ಆಗಿದೆ ಎನ್ನಿ. ಭಾರತೀಯ ಕಾಲಮಾನ ಐದೂವರೆ ಗಂಟೆ ಮುಂದಿರುವುದರಿಂದ 19800 ಸೆಕೆಂಡು ಕೂಡಬೇಕು. ಬಂದದ್ದನ್ನು ದಿನಕ್ಕೆ 86400 ಸೆಕೆಂಡಿನಂತೆ ಭಾಗಿಸಿದರೆ 19676 ದಿನ, ಮೇಲೆ 13400 ಸೆಕೆಂಡು. ಉಳಿದ ಸೆಕೆಂಡುಗಳು ಬೆಳಗಿನ 3 ಗಂಟೆ 43 ನಿಮಿಷ 20 ಸೆಕೆಂಡು. 1970ರ ಜನವರಿ 1 ಗುರುವಾರ. ಅಲ್ಲಿಂದ 19676 ದಿನ ಮುಂದೆ ಬಂದರೆ ಬುಧವಾರ, ದಿನಾಂಕ 2023ರ ನವೆಂಬರ್ 15. ಒಳಗೆ ಎಣಿಕೆ ಸದಾ ಯುಟಿಸಿಯಲ್ಲಿ, ಅಂದರೆ ಜಾಗತಿಕ ಕಾಲಮಾನದಲ್ಲಿ ನಡೆಯಬೇಕು; 19800 ಕೂಡುವುದು ಪರದೆಯ ಹತ್ತಿರ ಬಂದಾಗ ಮಾತ್ರ. ಈ ಶಿಸ್ತು ಇಲ್ಲದ ಪ್ರೋಗ್ರಾಂಗಳಲ್ಲಿ ಒಬ್ಬರು ಕೂಡಿದ ಐದೂವರೆ ಗಂಟೆಯನ್ನು ಇನ್ನೊಬ್ಬರು ಮತ್ತೆ ಕೂಡಿ, ವರದಿಯ ಸಮಯವೆಲ್ಲ ಮುಂದಕ್ಕೆ ಸರಿದಿರುತ್ತದೆ.

ಕರೆಂಟ್ ಹೋದಾಗ

ಕೌಂಟರಿನ ನಿಜವಾದ ಪರೀಕ್ಷೆ ನಡೆಯುವುದು ಕರೆಂಟ್ ಹೋದಾಗ. ಅದಕ್ಕೆಂದೇ ಎಸ್‌ಟಿಎಂ32ಎಫ್103ರಲ್ಲಿ ವಿಬ್ಯಾಟ್ ಎಂಬ ಪ್ರತ್ಯೇಕ ಪಿನ್ ಇದೆ. ಅಲ್ಲಿಗೆ ಮೂರು ವೋಲ್ಟಿನ ಬಟನ್ ಸೆಲ್ ಜೋಡಿಸಿದರೆ, ಚಿಪ್ಪಿನ ಉಳಿದೆಲ್ಲ ಭಾಗ ಆರಿಹೋದರೂ ಹರಳು, ಕೌಂಟರ್, ಜೊತೆಗೆ ಒಂದಿಷ್ಟು ಬ್ಯಾಕಪ್ ರಿಜಿಸ್ಟರುಗಳು ಜೀವಂತವಾಗಿರುತ್ತವೆ. ಇದಕ್ಕೆ ತಗಲುವ ವಿದ್ಯುತ್ತು ತೀರಾ ಕಡಿಮೆ. ಡಿಎಸ್1307 ಬ್ಯಾಟರಿಯ ಮೇಲೆ ಓಡುವಾಗ ಅರ್ಧ ಮೈಕ್ರೋಆಂಪಿಯರಿಗಿಂತ ಕಡಿಮೆ ಎಳೆಯುತ್ತದೆ. ಸಿಆರ್2032 ಸೆಲ್ಲಿನಲ್ಲಿ ಸುಮಾರು 220 ಮಿಲಿಆಂಪಿಯರ್-ಗಂಟೆ ಇರುತ್ತದೆ. ಭಾಗಿಸಿ ನೋಡಿದರೆ ಐವತ್ತು ವರ್ಷ! ಅಷ್ಟು ವರ್ಷ ಬರುವುದಿಲ್ಲ. ಸೆಲ್ಲು ಬಳಸದಿದ್ದರೂ ತಾನೇ ಸೊರಗುತ್ತಾ ಹೋಗುತ್ತದೆ. ಆದರೂ ಹಲವು ವರ್ಷಗಳ ಮಟ್ಟಿಗೆ ಚಿಂತೆಯಿಲ್ಲ. ಅಗ್ಗದ ಕೆಲವು ಆರ್‌ಟಿಸಿ ಮಾಡ್ಯೂಲುಗಳಲ್ಲಿ ಮಾತ್ರ ಒಂದು ಅಪಾಯವಿದೆ. ಚಾರ್ಜ್ ಮಾಡಬಹುದಾದ ಸೆಲ್ಲಿಗೆಂದು ಮಾಡಿದ ಸರ್ಕ್ಯೂಟ್ ಅವುಗಳಲ್ಲಿರುತ್ತದೆ. ಅಲ್ಲಿ ಸಾದಾ ಸಿಆರ್2032 ಹಾಕಿ ಐದು ವೋಲ್ಟ್ ಕೊಟ್ಟರೆ, ಚಾರ್ಜ್ ಮಾಡಬಾರದ ಸೆಲ್ಲಿಗೆ ಚಾರ್ಜ್ ಹರಿದು ಅದು ಉಬ್ಬಬಹುದು, ಸೋರಬಹುದು.

ಬ್ಯಾಟರಿ ಸರಿಯಿದ್ದೂ ಸಮಯ ತಪ್ಪುವ ಪ್ರಕರಣಗಳುಂಟು. ಇದಕ್ಕೆ ಎಷ್ಟೋ ಸಲ ಕಾರಣ ಪ್ರೋಗ್ರಾಮಿನ ಒಂದೇ ಒಂದು ಸಾಲು. ಆರ್ಡುಯಿನೋ ಕಲಿಯುವವರು ಮಾದರಿ ಪ್ರೋಗ್ರಾಮಿನಿಂದ ನಕಲು ಮಾಡಿಕೊಳ್ಳುವ ಆ ಸಾಲು ಹೇಳುವುದಿಷ್ಟು: ಈ ಪ್ರೋಗ್ರಾಂ ಕಂಪ್ಯೂಟರಿನಲ್ಲಿ ಕಂಪೈಲ್ ಆದ ಗಳಿಗೆಯನ್ನೇ ಗಡಿಯಾರಕ್ಕೆ ಕೊಡು. ಮೊದಲ ದಿನಕ್ಕೆ ಅದು ಸರಿ. ಆದರೆ ಸಾಲನ್ನು ಅಲ್ಲೇ ಬಿಟ್ಟರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗಲೂ ಅದು ನಡೆಯುತ್ತದೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಂಪೈಲ್ ಮಾಡಿದ ಶಾಲೆಯ ಗಂಟೆ ಪೆಟ್ಟಿಗೆ, ಗುರುವಾರ ಮಧ್ಯಾಹ್ನ ಕರೆಂಟ್ ಬಂದೊಡನೆ ಮತ್ತೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹೋಗುತ್ತದೆ. ಬ್ಯಾಟರಿ ಮೂರೂ ದಿನ ಸರಿಯಾಗಿ ಎಣಿಸಿತ್ತು. ಆ ಎಣಿಕೆಯನ್ನು ಅಳಿಸಿದ್ದು ಪ್ರೋಗ್ರಾಮೇ.

ಬ್ಯಾಕಪ್ ರಿಜಿಸ್ಟರುಗಳು ಕೆಲಸಕ್ಕೆ ಬರುವುದು ಇಲ್ಲಿ. ಮೊದಲ ಸಲ ಸಮಯ ಹೊಂದಿಸಿದ ಕೂಡಲೇ ಅವುಗಳಲ್ಲೊಂದರಲ್ಲಿ ನಮಗೆ ಬೇಕಾದ ಒಂದು ಗುರುತಿನ ಸಂಖ್ಯೆ ಬರೆದಿಡಬೇಕು. ಪ್ರತಿ ಸಲ ಚಿಪ್ ಎದ್ದಾಗ ಮೊದಲು ಆ ಗುರುತನ್ನು ನೋಡಬೇಕು. ಇದ್ದರೆ ಗಡಿಯಾರವನ್ನು ಮುಟ್ಟುವ ಗೊಡವೆಗೇ ಹೋಗಬಾರದು. ಇಲ್ಲದಿದ್ದರೆ ಬ್ಯಾಟರಿಯೂ ಹೋಗಿದೆ ಎಂದರ್ಥ. ಆಗ ಹೊಸದಾಗಿ ಸಮಯ ಕೇಳಬೇಕು. ಕೌಂಟರ್, ಬ್ಯಾಕಪ್ ರಿಜಿಸ್ಟರುಗಳಿರುವ ಈ ಭಾಗವನ್ನು ಆಕಸ್ಮಿಕವಾಗಿ ಯಾರೂ ಅಳಿಸಬಾರದೆಂದು ಚಿಪ್ ತಯಾರಿಸಿದವರೇ ಬೀಗ ಹಾಕಿದ್ದಾರೆ. ರೀಸೆಟ್ ಆದ ಮೇಲೆ ಡಿಬಿಪಿ ಎಂಬ ಬಿಟ್ಟನ್ನು ಬೇಕೆಂದೇ 1 ಮಾಡಿದ ಹೊರತು ಅಲ್ಲಿ ಏನನ್ನೂ ಬರೆಯಲಾಗದು.

ಓಡುತ್ತಿರುವ ಎಣಿಕೆಯನ್ನು ಓದುವುದು

ಇನ್ನು ಓದುವ ಕೆಲಸ. ಸೆಕೆಂಡಿಗೊಂದು ಸಲ ಬದಲಾಗುವ ಸಂಖ್ಯೆಯನ್ನು, ಸೆಕೆಂಡಿಗೆ 7 ಕೋಟಿ 20 ಲಕ್ಷ ಮಿಡಿತಗಳಲ್ಲಿ ಓಡುವ ಚಿಪ್ ಓದುವುದರಲ್ಲಿ ಏನು ಕಷ್ಟ ಎನ್ನಿಸಬಹುದು. ಎಸ್‌ಟಿಎಂ32ಎಫ್103ರ 32 ಬಿಟ್ ಕೌಂಟರ್ ಎರಡು ತುಂಡುಗಳಲ್ಲಿದೆ, ಮೇಲಿನ 16 ಬಿಟ್ ಒಂದು ರಿಜಿಸ್ಟರಿನಲ್ಲಿ, ಕೆಳಗಿನ 16 ಬಿಟ್ ಇನ್ನೊಂದರಲ್ಲಿ. ಎರಡನ್ನೂ ಒಂದೇ ಏಟಿಗೆ ಓದಲಾಗದು, ಒಂದಾದ ಮೇಲೆ ಒಂದು ಓದಬೇಕು. ಈಗ ಕೆಳಗಿನ ತುಂಡು 65535ಕ್ಕೆ ಬಂದು ತುಂಬಿದೆ, ಮೇಲಿನದು 5 ಎನ್ನಿ. ಪ್ರೋಗ್ರಾಂ ಮೇಲಿನದನ್ನು ಓದಿತು: 5. ಅಷ್ಟರಲ್ಲಿ ಸೆಕೆಂಡು ಉರುಳಿತು. ಕೆಳಗಿನದು ಸೊನ್ನೆಯಾಗಿ ಮೇಲಿನದು 6 ಆಯಿತು. ಪ್ರೋಗ್ರಾಂ ಕೆಳಗಿನದನ್ನು ಓದಿತು: 0. ಅದರ ಕೈಗೆ ಸಿಕ್ಕಿದ್ದು 5 ಮತ್ತು 0. ನಿಜವಾದ ಸಮಯ 6 ಮತ್ತು 0. ನಡುವಿನ ವ್ಯತ್ಯಾಸ 65536 ಸೆಕೆಂಡು, ಅಂದರೆ 18 ಗಂಟೆ 12 ನಿಮಿಷ 16 ಸೆಕೆಂಡು. ಒಂದು ಕ್ಷಣದ ಮಟ್ಟಿಗೆ ಗಡಿಯಾರ ಅಷ್ಟು ಹಿಂದಕ್ಕೆ ಹೋಗಿ, ಮುಂದಿನ ಓದಿಗೆ ಏನೂ ಆಗಿಲ್ಲವೆಂಬಂತೆ ಸರಿಹೋಗುತ್ತದೆ.

ಇಂಥ ದೋಷದ ಕಾಟವೇ ಇದು. ಕೆಳಗಿನ ತುಂಡು ತುಂಬುವುದು ಹದಿನೆಂಟು ಗಂಟೆಗೊಮ್ಮೆ. ಎರಡು ಓದುಗಳ ನಡುವಿನ ಸಂದು ಮೈಕ್ರೋಸೆಕೆಂಡಿಗಿಂತ ಚಿಕ್ಕದು. ಪ್ರಯೋಗಾಲಯದ ಮೇಜಿನ ಮೇಲೆ ಎಷ್ಟು ದಿನ ಕಾದರೂ ಇದು ಕೈಗೆ ಸಿಗಲಿಕ್ಕಿಲ್ಲ. ಸಾವಿರಾರು ಮೀಟರುಗಳು ಊರೂರಿನ ಗೋಡೆಗಳ ಮೇಲೆ ವರ್ಷಗಟ್ಟಲೆ ಓಡುವಾಗ ಎಲ್ಲೋ ಒಂದು ಮೀಟರ್ ಸಂಜೆ ಬಳಸಿದ ವಿದ್ಯುತ್ತನ್ನು ನಡುರಾತ್ರಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ದೂರು ಬಂದು ಯಾರಾದರೂ ಪರೀಕ್ಷಿಸುವಾಗ ಗಡಿಯಾರ ಸರಿಯಾಗೇ ಇರುತ್ತದೆ. ಮದ್ದು ಸರಳ: ಮೇಲಿನದನ್ನು ಓದು, ಕೆಳಗಿನದನ್ನು ಓದು, ಮೇಲಿನದನ್ನು ಮತ್ತೊಮ್ಮೆ ಓದು. ಮೇಲಿನದು ಎರಡು ಸಲವೂ ಒಂದೇ ಆಗಿದ್ದರೆ ಒಪ್ಪಿಕೋ, ಇಲ್ಲವಾದರೆ ಮತ್ತೆ ಓದು. ಡಿಎಸ್1307ರಂಥ ಚಿಪ್‌ಗಳು ಈ ತಲೆನೋವು ಬೇಡವೆಂದು, ಓದು ಶುರುವಾದ ಕ್ಷಣದ ಸಮಯವನ್ನು ಬೇರೊಂದು ಕಡೆ ಪ್ರತಿ ತೆಗೆದಿಟ್ಟು ಅದನ್ನೇ ಕೊಡುತ್ತವೆ. ಆದರೆ ಎಲ್ಲವನ್ನೂ ಒಂದೇ ಸರದಿಯಲ್ಲಿ ಓದಿದರೆ ಮಾತ್ರ ಆ ಅನುಕೂಲ. ನಿಮಿಷಕ್ಕೊಂದು ಓದು, ಗಂಟೆಗೊಂದು ಓದು ಎಂದು ಬಿಡಿಬಿಡಿಯಾಗಿ ಕೇಳಿದರೆ ಮತ್ತೆ ಅದೇ ಗೋಳು.

ಬರೆಯುವಾಗ ಬೇರೊಂದು ತೊಡಕು. ಆರ್‌ಟಿಸಿ ತನ್ನ ಹರಳಿನ ನಿಧಾನದ ತಾಳಕ್ಕೆ ನಡೆಯುತ್ತದೆ, ಪ್ರೊಸೆಸರ್ ತನ್ನ ವೇಗದ ತಾಳಕ್ಕೆ. ಎಸ್‌ಟಿಎಂ32ಎಫ್103ರಲ್ಲಿ ಹೊಸ ಸಮಯ ಬರೆದರೆ ಅದು ಕೌಂಟರಿಗೆ ಮುಟ್ಟಲು ಹರಳಿನ ಕನಿಷ್ಠ ಮೂರು ಮಿಡಿತ ಬೇಕು, ಸುಮಾರು 92 ಮೈಕ್ರೋಸೆಕೆಂಡು. ಅಷ್ಟರಲ್ಲಿ ಪ್ರೊಸೆಸರ್ ತನ್ನ ಪೂರ್ಣ ವೇಗದಲ್ಲಿ ಆರೂವರೆ ಸಾವಿರ ಮಿಡಿತ ದಾಟಿರುತ್ತದೆ. ಬರೆಯುವ ಮೊದಲೂ ಬರೆದ ಮೇಲೂ ‘ಹಿಂದಿನ ಬರವಣಿಗೆ ಮುಗಿದಿದೆಯೇ’ ಎಂದು ಆರ್‌ಟಿಒಎಫ್‌ಎಫ್ ಎಂಬ ಬಿಟ್ಟನ್ನು ಕೇಳಿ ಕಾಯಬೇಕು. ಕಾಯದೆ ಚಿಪ್ಪನ್ನು ಮಲಗಿಸಿದರೆ ಬರೆದದ್ದು ನಿಂತಿತೋ ಇಲ್ಲವೋ ಭರವಸೆಯಿಲ್ಲ. ಮಲಗಿದ್ದ ಚಿಪ್ ಎದ್ದ ಕೂಡಲೇ ಓದುವ ಮೊದಲ ಸಂಖ್ಯೆಯನ್ನೂ ನಂಬಬಾರದು, ಅದು ಬಹುಮಟ್ಟಿಗೆ ಸೊನ್ನೆಯೆಂದೇ ಬರುತ್ತದೆ. ಆರ್‌ಎಸ್‌ಎಫ್ ಎಂಬ ಬಿಟ್ 1 ಆಗುವವರೆಗೆ ಕಾದು ಓದಬೇಕು.

ತುಂಬಿ ಉರುಳುವ ಕೌಂಟರ್

ಎಲ್ಲ ಕೌಂಟರಿಗೂ ಒಂದು ಅಂಚಿದೆ. ಬ್ಲೂಟೂತ್ ಉಪಕರಣಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಎನ್‌ಆರ್‌ಎಫ್52 ಚಿಪ್ಪಿನ ಆರ್‌ಟಿಸಿ 24 ಬಿಟ್‌ಗಳದು. ಹರಳಿನ ಪ್ರತಿ ಮಿಡಿತವನ್ನೂ ಎಣಿಸಲು ಬಿಟ್ಟರೆ 512 ಸೆಕೆಂಡಿಗೆ, ಎಂಟೂವರೆ ನಿಮಿಷಕ್ಕೆ, ಅದು ತುಂಬಿ ಸೊನ್ನೆಗೆ ಉರುಳುತ್ತದೆ. ಎಷ್ಟು ಸಲ ಉರುಳಿತು ಎಂಬುದನ್ನು ಪ್ರೋಗ್ರಾಂ ಇಂಟರಪ್ಟ್ ಮೂಲಕ, ಅಂದರೆ ಕೈಯಲ್ಲಿರುವ ಕೆಲಸ ಬಿಡಿಸಿ ಪ್ರೊಸೆಸರನ್ನು ಕರೆಯುವ ಸೂಚನೆಯ ಮೂಲಕ, ಎಣಿಸಿಕೊಳ್ಳಬೇಕು. ಇಲ್ಲೊಂದು ಸೂಕ್ಷ್ಮವಿದೆ. ಕೌಂಟರ್ ಉರುಳಿದೆ, ಆದರೆ ಪ್ರೊಸೆಸರ್ ಇನ್ನೇನೋ ತುರ್ತು ಕೆಲಸಕ್ಕಾಗಿ ಇಂಟರಪ್ಟುಗಳನ್ನು ತಡೆಹಿಡಿದಿದೆ. ಆ ಹೊತ್ತಿನಲ್ಲಿ ಸಮಯ ಓದಿದರೆ ಕೌಂಟರ್ ಹೊಸದು, ಉರುಳಿದ ಲೆಕ್ಕ ಹಳೆಯದು. ಸಮಯ 512 ಸೆಕೆಂಡು ಹಿಂದೆ. ಮೇಲೆ ಹೇಳಿದ ಎರಡು ಸಲ ಓದುವ ಮದ್ದು ಇಲ್ಲಿ ನಾಟುವುದಿಲ್ಲ, ಏಕೆಂದರೆ ತಡೆಹಿಡಿದಷ್ಟು ಹೊತ್ತೂ ಲೆಕ್ಕ ಹಳೆಯದೇ ಆಗಿ ಕಾಣುತ್ತದೆ. ‘ಉರುಳಿದೆ, ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ’ ಎಂದು ಹಾರ್ಡ್‌ವೇರ್ ಎತ್ತಿ ಹಿಡಿದ ಸೂಚನೆಯನ್ನೂ ಜೊತೆಗೆ ನೋಡಬೇಕು.

ದೊಡ್ಡ ಯಂತ್ರಗಳೂ ಇದಕ್ಕೆ ಹೊರತಲ್ಲ. ಮಿಲಿಸೆಕೆಂಡುಗಳನ್ನು 32 ಬಿಟ್‌ನಲ್ಲಿ ಎಣಿಸಿದರೆ 49.7 ದಿನಕ್ಕೆ ತುಂಬುತ್ತದೆ. ಒಂದು ಕಾಲದಲ್ಲಿ ವಿಂಡೋಸ್ 95 ಅಷ್ಟು ದಿನ ಸತತ ಓಡಿದರೆ ಸ್ಥಗಿತಗೊಳ್ಳುತ್ತಿತ್ತು. 2015ರಲ್ಲಿ ಅಮೆರಿಕದ ವಿಮಾನಯಾನ ಪ್ರಾಧಿಕಾರ ಬೋಯಿಂಗ್ 787 ವಿಮಾನಗಳ ಬಗ್ಗೆ ಒಂದು ಆದೇಶ ಹೊರಡಿಸಿತು. ಜನರೇಟರ್ ನಿಯಂತ್ರಿಸುವ ಘಟಕಗಳು 248 ದಿನ ಒಮ್ಮೆಯೂ ಆರದೆ ಓಡಿದರೆ ಒಳಗಿನ ಕೌಂಟರ್ ತುಂಬಿ, ನಾಲ್ಕೂ ಘಟಕಗಳು ಒಟ್ಟಿಗೆ ಕೆಲಸ ನಿಲ್ಲಿಸಿ ವಿಮಾನದ ಎಸಿ ವಿದ್ಯುತ್ತೇ ಹೋಗಬಹುದು. ಅದಕ್ಕೆ ಮೊದಲೇ ಒಮ್ಮೆ ಆರಿಸಿ ಹಚ್ಚಿ ಎಂಬುದು ಅದರ ಸಾರ. ಸೆಕೆಂಡಿನ ನೂರನೇ ಒಂದು ಭಾಗವನ್ನು ಎಣಿಸುವ 31 ಬಿಟ್‌ಗಳ ಲೆಕ್ಕಕ್ಕೆ ಈ 248 ದಿನ ಸರಿಯಾಗಿ ಹೊಂದುತ್ತದೆ.

ಬಿಸಿಲಿಗೆ ಸೋಲುವ ಗಡಿಯಾರ

ಎಣಿಕೆ ಸರಿಯಿದ್ದರೂ ಮಿಡಿತವೇ ನಿಧಾನವಾದರೆ? ಸಾಮಾನ್ಯ ಹರಳಿಗೆ ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ಆಚೀಚೆ ಆಗುವ ರಿಯಾಯಿತಿ ಕೊಟ್ಟಿರುತ್ತಾರೆ. ದಿನಕ್ಕೆ ಇದು 1.7 ಸೆಕೆಂಡು, ತಿಂಗಳಿಗೆ ಮುಕ್ಕಾಲು ನಿಮಿಷ ದಾಟುತ್ತದೆ. ಅದರ ಮೇಲೆ ತಾಪಮಾನದ ಪ್ರಭಾವ ಬೇರೆ. ಶ್ರುತಿಕವೆ ಹರಳು 25 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಅತಿ ವೇಗವಾಗಿ ಮಿಡಿಯುತ್ತದೆ. ಅಲ್ಲಿಂದ ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. ಅದೂ ದೂರದ ವರ್ಗಕ್ಕೆ ತಕ್ಕಂತೆ: ಹತ್ತು ಡಿಗ್ರಿ ಸರಿದರೆ ಹತ್ತು ಲಕ್ಷಕ್ಕೆ ಮೂರೂವರೆ, ಮೂವತ್ತು ಡಿಗ್ರಿ ಸರಿದರೆ ಅದರ ಒಂಬತ್ತು ಪಟ್ಟು.

ಬೆಂಗಳೂರಿನ ತಂಪು ಕೋಣೆಯಲ್ಲಿ ಪರೀಕ್ಷೆ ಮಾಡಿದ ಪೆಟ್ಟಿಗೆ ಕಲಬುರಗಿಯ ಬೇಸಿಗೆಗೆ ಹೋಗಿ ತಗಡಿನ ಚಾವಣಿಯ ಕೆಳಗೆ ಕೂರುತ್ತದೆ ಎನ್ನಿ. ಒಳಗಿನ ಬಿಸಿ 55 ಡಿಗ್ರಿ ಮುಟ್ಟಿ ಹಾಗೇ ನಿಂತರೆ ಗಡಿಯಾರ ದಿನಕ್ಕೆ ಎರಡೂವರೆ ಸೆಕೆಂಡಿಗಿಂತ ಹೆಚ್ಚು ಹಿಂದೆ ಬೀಳುತ್ತದೆ. ಒಂದು ಬೇಸಿಗೆಯಲ್ಲಿ ನಾಲ್ಕೈದು ನಿಮಿಷ ಹೋದರೂ ಆಶ್ಚರ್ಯವಿಲ್ಲ. ಚಳಿಗಾಲಕ್ಕೆ ಸರಿದೂಗುತ್ತದೆ ಎಂದು ಕಾಯುವಂತೆಯೂ ಇಲ್ಲ, ಚಳಿಗೂ ಅದು ನಿಧಾನವೇ ಆಗುವುದು.

ಇದಕ್ಕೆ ಪರಿಹಾರ ಎರಡು. ಹೆಚ್ಚು ದುಡ್ಡು ಕೊಟ್ಟರೆ ಡಿಎಸ್3231ರಂಥ ಚಿಪ್ ಸಿಗುತ್ತದೆ. ಹರಳು ಅದರ ಹೊಟ್ಟೆಯಲ್ಲೇ ಇದೆ. 64 ಸೆಕೆಂಡಿಗೊಮ್ಮೆ ತನ್ನ ತಾಪಮಾನ ಅಳೆದು ಮಿಡಿತವನ್ನು ತಾನೇ ತಿದ್ದಿಕೊಳ್ಳುತ್ತದೆ. ಸೊನ್ನೆಯಿಂದ 40 ಡಿಗ್ರಿಯೊಳಗೆ ವರ್ಷಕ್ಕೆ ಒಂದು ನಿಮಿಷದಷ್ಟು ಮಾತ್ರ ತಪ್ಪಬಹುದು ಎಂಬುದು ತಯಾರಕರ ಮಾತು. ದುಡ್ಡು ಬೇಡವೆಂದರೆ ಪ್ರೋಗ್ರಾಮಿನಲ್ಲೇ ತಿದ್ದಬೇಕು. ಎಸ್‌ಟಿಎಂ32ಎಫ್103ರಲ್ಲಿ ಒಂದಿಷ್ಟು ಮಿಡಿತಗಳನ್ನು ಬಿಟ್ಟು ಎಣಿಸುವಂತೆ ಹೇಳಿ ಗಡಿಯಾರವನ್ನು ಹತ್ತು ಲಕ್ಷಕ್ಕೆ 121ರವರೆಗೆ ನಿಧಾನಗೊಳಿಸಬಹುದು. ವೇಗ ಹೆಚ್ಚಿಸುವ ಸೌಲಭ್ಯ ಇಲ್ಲ. ಅದಕ್ಕೊಂದು ಉಪಾಯವಿದೆ: 32768 ಮಿಡಿತಕ್ಕೆ ಒಂದು ಸೆಕೆಂಡ್ ಎನ್ನುವ ಬದಲು 32767ಕ್ಕೇ ಒಂದು ಸೆಕೆಂಡ್ ಎಂದು ಹೊಂದಿಸಿ. ಗಡಿಯಾರ ಹತ್ತು ಲಕ್ಷಕ್ಕೆ ಮೂವತ್ತರಷ್ಟು ಮುಂದೋಡುತ್ತದೆ. ಬಳಿಕ ಬೇಕಾದಷ್ಟು ಹಿಂದಕ್ಕೆಳೆದರೆ ಎರಡೂ ದಿಕ್ಕಿಗೆ ತಿದ್ದಿದಂತಾಯಿತು.

ತಿದ್ದುವಾಗಿನ ಜಾಗ್ರತೆ

ಎಷ್ಟು ತಿದ್ದಿದರೂ ಆಗಾಗ ಹೊರಗಿನಿಂದ ಸರಿಯಾದ ಸಮಯ ತರಲೇಬೇಕು. ದೇಶದ ಅಧಿಕೃತ ಸಮಯವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ನಮ್ಮ ಪೆಟ್ಟಿಗೆಗೆ ಸಮಯ ಬರುವುದು ಇಂಟರ್‌ನೆಟ್, ಮೊಬೈಲ್ ಜಾಲ ಅಥವಾ ಜಿಪಿಎಸ್ ಮೂಲಕ. ಈ ಮೂಲವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಜಿಪಿಎಸ್‌ನ ಮೂಲ ಸಂಕೇತ ವಾರಗಳನ್ನು ಹತ್ತೇ ಬಿಟ್‌ನಲ್ಲಿ ಎಣಿಸುತ್ತದೆ, 1024 ವಾರಕ್ಕೆ ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲ್‌ನಲ್ಲಿ ಹಾಗೆ ಮರಳಿದಾಗ, ಸರಿಯಾಗಿ ಬರೆಯದ ರಿಸೀವರುಗಳು ಸುಮಾರು ಇಪ್ಪತ್ತು ವರ್ಷ ಹಿಂದಿನ ದಿನಾಂಕ ಹೇಳಿದವು.

ಸಮಯ ತಿದ್ದಿದಾಗ ಅದನ್ನು ನೆಚ್ಚಿಕೊಂಡ ಕೆಲಸಗಳ ಗತಿಯೇನು ಎಂಬುದನ್ನೂ ಯೋಚಿಸಬೇಕು. ಒಂಬತ್ತೂವರೆಗೆ ಬಾರಿಸಬೇಕಾದ ಶಾಲೆಯ ಗಂಟೆ ಬಾರಿಸಿತು. ಇಪ್ಪತ್ತು ಸೆಕೆಂಡಿನ ಬಳಿಕ ಗಡಿಯಾರ ಅರ್ಧ ನಿಮಿಷ ಹಿಂದಕ್ಕೆ ಹೋಯಿತು. ಮತ್ತೆ ಒಂಬತ್ತೂವರೆ ಬಂತು, ಮತ್ತೆ ಗಂಟೆ. ಮುಂದಕ್ಕೆ ತಿದ್ದಿದರೆ 9:29:50ರಿಂದ ನೇರ 9:30:10ಕ್ಕೆ ಹಾರಿ, ‘ಸಮಯ ಸರಿಯಾಗಿ 9:30:00 ಆಯಿತೇ’ ಎಂದು ಕೇಳುತ್ತಿದ್ದ ಪ್ರೋಗ್ರಾಂ ಗಂಟೆಯನ್ನೇ ಮರೆಯುತ್ತದೆ. ‘9:30 ದಾಟಿದೆಯೇ, ಇವತ್ತಿನ ಈ ಗಂಟೆ ಬಾರಿಸಿ ಆಗಿದೆಯೇ’ ಎಂಬ ಎರಡು ಪ್ರಶ್ನೆ ಕೇಳುವ ಪ್ರೋಗ್ರಾಂ ಎರಡೂ ಕಡೆ ಬಚಾವಾಗುತ್ತದೆ. ಮೋಟಾರು ಹತ್ತು ನಿಮಿಷ ಓಡಲಿ ಎಂಬಂಥ ಅಳತೆಗಳಿಗಂತೂ ಗೋಡೆ ಗಡಿಯಾರದ ಸಮಯವನ್ನು ಬಳಸಲೇಬಾರದು. ಯಾರೂ ತಿದ್ದದ, ಮುಂದಕ್ಕಷ್ಟೇ ಹೋಗುವ ಬೇರೆ ಎಣಿಕೆ ಅದಕ್ಕಿರಬೇಕು.

ಇಷ್ಟೆಲ್ಲ ಎಚ್ಚರಿಕೆಯ ನಂತರವೂ ಎಣಿಕೆ ತಪ್ಪುವ ದಿನ ಬರುತ್ತದೆ. ಸೆಲ್ ಸಾಯುತ್ತದೆ, ಬೆಸುಗೆ ಬಿಡುತ್ತದೆ, ತೇವಕ್ಕೆ ಹರಳು ಮಿಡಿಯುವುದನ್ನೇ ನಿಲ್ಲಿಸುತ್ತದೆ. ಡಿಎಸ್3231 ಇದಕ್ಕೆಂದೇ ಒಂದು ಬಿಟ್ ಮೀಸಲಿಟ್ಟಿದೆ. ಹರಳು ಒಂದು ಕ್ಷಣ ನಿಂತರೂ ಅದು 1 ಆಗುತ್ತದೆ, ಪ್ರೋಗ್ರಾಂ ತಾನಾಗಿ ಅಳಿಸುವವರೆಗೆ ಹಾಗೇ ಇರುತ್ತದೆ. ‘ನಡುವೆ ನಾನು ನಿಂತಿದ್ದೆ, ನನ್ನ ಮಾತು ನಂಬಬೇಡಿ’ ಎಂದು ಚಿಪ್ಪೇ ಹೇಳುತ್ತಿದೆ. ಎಷ್ಟೋ ಪ್ರೋಗ್ರಾಂಗಳು ಆ ಬಿಟ್ಟನ್ನು ಓದುವುದೇ ಇಲ್ಲ. ಓದಿ, 1 ಇದ್ದರೆ ಪರದೆಯಲ್ಲಿ ಗೆರೆಗಳನ್ನಷ್ಟೇ ತೋರಿಸಿ, ದಾಖಲೆಯಲ್ಲಿ ‘ಸಮಯ ಖಚಿತವಿಲ್ಲ’ ಎಂದು ಬರೆಯುವುದು ಹತ್ತು ಸಾಲಿನ ಕೆಲಸ. ತಪ್ಪು ಸಮಯ ಹೊತ್ತ ಹಾಜರಾತಿಯಿಂದ ಒಬ್ಬರ ಸಂಬಳ ಕಟ್ ಆಗಬಹುದು; ಖಚಿತವಿಲ್ಲ ಎಂದು ಬರೆದ ಹಾಜರಾತಿಯನ್ನು ಮೇಲಧಿಕಾರಿ ವಿಚಾರಿಸಿ ಸರಿಪಡಿಸಬಹುದು.

ಹಾಗಾಗಿ ಸಮಯ ಹೇಳುವ ಪೆಟ್ಟಿಗೆಯನ್ನು ಶಾಲೆಗೋ ಸಹಕಾರ ಸಂಘಕ್ಕೋ ಕೊಳ್ಳುವವರು ದುಡ್ಡು ಕೊಡುವ ಮೊದಲು ಎರಡು ಪರೀಕ್ಷೆ ಮಾಡಿಸಿ. ಪ್ಲಗ್ಗನ್ನೂ ಸೆಲ್ಲನ್ನೂ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ: ಅದು ಸಮಯ ಕೇಳುತ್ತದೆಯೋ, ತೋಚಿದ ಸಮಯ ಹೇಳುತ್ತದೆಯೋ ನೋಡಿ. ಆಮೇಲೆ ಗಡಿಯಾರವನ್ನು 2038ರ ಜನವರಿ 19, ಬೆಳಿಗ್ಗೆ 8:44ಕ್ಕೆ ಇಟ್ಟು ಕಾಯಿರಿ. ಏಳು ಸೆಕೆಂಡು ಕಳೆದ ಮೇಲೆ, ಚಿಹ್ನೆಯುಳ್ಳ 32 ಬಿಟ್‌ನಲ್ಲಿ ಎಣಿಸುವ ಪ್ರೋಗ್ರಾಂ ಆಗಿದ್ದರೆ 1901ನೇ ಇಸವಿಯ ಡಿಸೆಂಬರಿಗೆ ಹೋಗುತ್ತದೆ. ಅದೇ ಬಿಟ್‌ಗಳನ್ನು ಚಿಹ್ನೆಯಿಲ್ಲದೆ ಓದುವಂತೆ ಬರೆದಿದ್ದರೆ 2106ರವರೆಗೆ ತೊಂದರೆಯಿಲ್ಲ. ಈಗ ಕೂರಿಸುವ ಎಷ್ಟೋ ಪೆಟ್ಟಿಗೆಗಳು 2038ರಲ್ಲೂ ಬಳಕೆಯಲ್ಲಿರುತ್ತವೆ. ಎರಡು ಪರೀಕ್ಷೆಗೂ ಸೇರಿ ಬೇಕಾಗುವುದು ಹತ್ತು ನಿಮಿಷ. ಮಾರುವವರು ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ.